ಹದವಾದ ತಪ್ಪು

ಪರದೆಯ ಮೇಲೆ ಮುಂದಿನ ಪ್ರಶ್ನೆ ಬಂದು ನಿಂತಿತು: ‘ಕೆಲಸದಲ್ಲಿ ನೀವು ಮಾಡಿದ ಒಂದು ತಪ್ಪನ್ನು ಹೇಳಿ. ಅದನ್ನು ಹೇಗೆ ಸರಿಪಡಿಸಿದಿರಿ?’ ಅದರ ಕೆಳಗಿನ ನೀಲಿ ಗೆರೆ ಒಂದು ತುದಿಯಿಂದ ಕರಗತೊಡಗಿತು. ಗೆರೆ ಪೂರ್ತಿ ಕರಗುವವರೆಗೆ ಯೋಚಿಸಿಕೊಳ್ಳಬಹುದು. ಆಮೇಲೆ ಹಸಿರು ದೀಪ ಹತ್ತುತ್ತದೆ, ಹತ್ತಿದ ಮೇಲೆ ಬಾಯಿ ಬಿಡಲೇಬೇಕು. ಕೇಳಿಸಿಕೊಳ್ಳಲು ಆ ಕಡೆ ಯಾರೂ ಇಲ್ಲ. ಹೇಳಿದ್ದೆಲ್ಲ ರೆಕಾರ್ಡ್ ಆಗುತ್ತದೆ, ಆಸ್ಪತ್ರೆಯವರು ತಮಗೆ ಪುರುಸೊತ್ತಾದಾಗ ನೋಡಿಕೊಳ್ಳುತ್ತಾರೆ. ಮಾರಿಟ್ ಕಿವೆಲಾ ಪರದೆಯ ಮೂಲೆಯಲ್ಲಿದ್ದ ತನ್ನ ಮುಖವನ್ನೇ ನೋಡುತ್ತ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು.

ಈ ಪ್ರಶ್ನೆ ಬಂದೇ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಆಸ್ಪತ್ರೆಯ ಫಾರ್ಮಸಿಯಲ್ಲಿ ರೆಸಿಡೆನ್ಸಿ ತರಬೇತಿ ಕೇಳಿಕೊಂಡು ಹೋದ ಯಾರನ್ನೂ ಈ ಪ್ರಶ್ನೆ ಬಿಟ್ಟಿದ್ದಿಲ್ಲ. ಹಿಂದಿನ ವಾರ ಅಡುಗೆಮನೆಯಲ್ಲಿ ಪ್ರಿಸಿಲ್ಲಾ ಓಬೆಂಗ್ ಇದರ ಮರ್ಮವನ್ನೆಲ್ಲ ಬಿಡಿಸಿ ಹೇಳಿದ್ದಳು. ಇಬ್ಬರೂ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು, ಈಗ ಅಮೆರಿಕದ ದೊಡ್ಡ ಸರೋವರವೊಂದರ ದಂಡೆಯ ಡುಲುತ್ ಊರಿನ ಗುಡ್ಡದ ಮೇಲೆ ಒಂದೇ ಮನೆಯಲ್ಲಿ ಬಾಡಿಗೆಗಿದ್ದವರು. ಪ್ರಿಸಿಲ್ಲಾಗೆ ಹೋದ ವರ್ಷವೇ ಊರಿನ ಇನ್ನೊಂದು ಆಸ್ಪತ್ರೆಯಲ್ಲಿ ಸೀಟು ಸಿಕ್ಕಿತ್ತು.

"ತಪ್ಪೇ ಮಾಡಿಲ್ಲ ಅಂದ್ರೆ ಸುಳ್ಳುಬುರುಕಿ ಅಂತಾರೆ. ದೊಡ್ಡದು ಹೇಳಿದ್ರೆ ಹೆದ್ರಿ ಓಡ್ತಾರೆ. ಹದವಾಗಿರ್ಬೇಕು ಕಣೇ, ಅನ್ನ ಬೆಂದ ಹಾಗೆ. ಅಗುಳು ಮೆತ್ತಗಿರ್ಬೇಕು, ಮುದ್ದೆ ಆಗ್ಬಾರ್ದು," ಎಂದಿದ್ದಳು ಪ್ರಿಸಿಲ್ಲಾ, ಸೌಟಿನಲ್ಲೇ ತೋರಿಸುತ್ತ.

"ನೀನು ಯಾವ್ದು ಹೇಳಿದ್ದೆ?"

"ನಮ್ಮಕ್ಕಂದು. ಅವಳು ನರ್ಸು, ಅವಳ ಹತ್ರ ಬೇಕಾದಷ್ಟಿದಾವೆ."

ಮಾರಿಟ್‌ಗೆ ತಪ್ಪೊಂದನ್ನು ಸಾಲ ಕೊಡಲು ಅಕ್ಕನೂ ಇರಲಿಲ್ಲ. ಎಷ್ಟು ಕೆದಕಿದರೂ ಹೇಳಿಕೊಳ್ಳುವಂಥ ತಪ್ಪೊಂದು ನೆನಪಿಗೆ ಬರಲಿಲ್ಲ. ಹೋದ ಮಾರ್ಚಿನಲ್ಲಿ ಅವಳಿಗೆ ಎಲ್ಲೂ ಸೀಟು ಸಿಕ್ಕಿರಲಿಲ್ಲ. ಅಭ್ಯರ್ಥಿಗಳು ಆಸ್ಪತ್ರೆಗಳನ್ನು, ಆಸ್ಪತ್ರೆಗಳು ಅಭ್ಯರ್ಥಿಗಳನ್ನು ಇಷ್ಟದ ಕ್ರಮದಲ್ಲಿ ಬರೆದುಕೊಟ್ಟು, ಕಂಪ್ಯೂಟರು ಜಾತಕ ಕೂಡಿಸಿದ ಹಾಗೆ ಜೋಡಿ ಮಾಡುವ ಆ ದಿನ, ಅವಳ ಹೆಸರಿಗೆ ಯಾರೂ ಕೂಡಿಬರಲಿಲ್ಲ. ಅಂದಿನಿಂದ ಹೆದ್ದಾರಿ ಪಕ್ಕದ ಒಂದು ಔಷಧದಂಗಡಿಯಲ್ಲಿ, ಕಾರಿನಲ್ಲಿ ಕೂತೇ ಮದ್ದು ಕೊಳ್ಳುವವರ ಕಿಟಕಿಯ ಹಿಂದೆ ನಿಂತಿದ್ದಾಳೆ. ರೋಗಿಯ ಹಾಸಿಗೆಯ ಪಕ್ಕ ನಿಂತು ಕೆಲಸ ಮಾಡಬೇಕೆಂಬುದು ಅವಳ ಆಸೆ. ಅದಕ್ಕೆ ರೆಸಿಡೆನ್ಸಿ ಬೇಕು. ಈ ವರ್ಷ ಅವಳನ್ನು ಕರೆದದ್ದು ಸರೋವರದ ದಂಡೆಯ ಈ ಆಸ್ಪತ್ರೆ ಒಂದೇ. ಈ ಸಲವೂ ತಪ್ಪಿದರೆ ಮೂರನೆಯ ಸಲ ಯಾರೂ ತಿರುಗಿ ನೋಡುವುದಿಲ್ಲ.

ಹಾಗಾಗಿ ಅವಳೊಂದು ತಪ್ಪನ್ನು ತಾನೇ ಕಟ್ಟಿಕೊಂಡಳು. ಕೀಲುವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಎಂಬ ಮಾತ್ರೆ ವಾರಕ್ಕೊಮ್ಮೆ ಮಾತ್ರ ನುಂಗುವಂಥದ್ದು. ದಿನಾ ನುಂಗಿದರೆ ಬಾಯಿ ಹುಣ್ಣಾಗುತ್ತದೆ, ಮೂಳೆಯೊಳಗೆ ರಕ್ತ ಹುಟ್ಟುವುದೇ ನಿಂತುಹೋಗುತ್ತದೆ, ಕೊನೆಗೆ ಜೀವಕ್ಕೇ ಬರುತ್ತದೆ. ತಾನು ವಿದ್ಯಾರ್ಥಿಯಾಗಿದ್ದಾಗ ವಾರ್ಡಿನಲ್ಲೊಬ್ಬ ಮುದುಕನ ಮಾತ್ರೆಗಳನ್ನು ಬರೆದುಕೊಳ್ಳುವಾಗ ‘ವಾರಕ್ಕೊಮ್ಮೆ’ ಎಂಬಲ್ಲಿ ‘ದಿನಾ’ ಎಂದು ಬರೆದೆ, ಮನೆಗೆ ಹೋದ ಮೇಲೆ ಅನುಮಾನ ಬಂತು, ಬೆಳಿಗ್ಗೆ ಓಡಿಹೋಗಿ ಮಾತ್ರೆ ಕೊಡುವ ಮೊದಲೇ ತಿದ್ದಿದೆ. ಇಷ್ಟೇ ಕಥೆ. ಭಯವೂ ಇದೆ, ಯಾರಿಗೂ ತೊಂದರೆಯಾಗಿಲ್ಲ. ಹದವಾಗಿತ್ತು.

ಹಸಿರು ದೀಪ ಹತ್ತಿತು. ಮಾರಿಟ್ ಶುರುಮಾಡಿದಳು. ಕನ್ನಡಿಯ ಮುಂದೆ ಹೇಳಿಕೊಂಡದ್ದೆಲ್ಲ ಸಲೀಸಾಗಿ ಬಂತು. ಅರ್ಧದಲ್ಲಿ, ಬಾಯಿಪಾಠ ಮಾಡಿಕೊಳ್ಳದ ಒಂದು ಮಾತು ತಾನಾಗಿ ಹೊರಬಿತ್ತು: "ಆ ಮುದುಕರು ಎಡಗೈಗೆ ಮಾತ್ರ ಒಂದು ಕೆಂಪು ಉಣ್ಣೆ ಗವಸು ಹಾಕ್ಕೊಂಡಿದ್ರು. ಎಷ್ಟು ಹೇಳಿದ್ರೂ ತೆಗೀತಿರ್ಲಿಲ್ಲ. ಅದಿರು ಸಾಗಿಸೋ ಹಡಗಿನಲ್ಲಿ ಅಡುಗೆ ಮಾಡ್ತಿದ್ದವರು." ಎಲ್ಲಿಂದ ಬಂತು ಇದು? ಅವಳಿಗೇ ಗೊತ್ತಾಗಲಿಲ್ಲ. ಮಾತು ಮುಂದೆ ಹೋಗುತ್ತಿತ್ತು, ಅವನು ಮಾತ್ರ ಕಣ್ಣ ಮುಂದೆ ಕೂತೇ ಇದ್ದ. ಅವನ ದನಿಯೂ ಕೇಳುತ್ತಿತ್ತು. ಎದುರಿಗೆ ಬಂದವರನ್ನೆಲ್ಲ ‘ಕ್ಯಾಪ್ಟನ್’ ಎಂದು ಕರೆಯುವವನು. ಅದನ್ನು ಹೇಳುವ ಮೊದಲೇ ಸಮಯ ಮುಗಿದು ದೀಪ ಆರಿತು.

ಪರದೆಯ ಮೂಲೆಯಲ್ಲಿದ್ದ ಅವಳ ಮುಖ ಮಾತ್ರ ಒಂದು ಗಳಿಗೆ ಹಾಗೇ ಉಳಿದಿತ್ತು, ಇನ್ನೂ ಯಾರದೋ ಮಾತಿಗೆ ಕಿವಿಗೊಟ್ಟವಳಂತೆ ಸ್ವಲ್ಪ ವಾಲಿಕೊಂಡು. ಆಮೇಲೆ ಅದೂ ಹೋಯಿತು. ಮಾರಿಟ್ ಎದ್ದು ಹೋಗಿ ಕೋಣೆಯ ಬಾಗಿಲು ತೆಗೆದಿಟ್ಟಳು. ಯಾಕೆಂದು ಕೇಳಿದ್ದರೆ ಸೆಕೆ ಅನ್ನುತ್ತಿದ್ದಳು, ಹೊರಗೆ ಹಿಮ ಬೀಳುತ್ತಿದ್ದರೂ.

ಎರಡನೆಯ ಸುತ್ತು ವೀಡಿಯೋ ಕರೆಯಲ್ಲಿ ಆಗಬೇಕಿತ್ತು. ಅಂದು ಬೆಳಿಗ್ಗೆ ಮಂಜುಗಡ್ಡೆಯ ಮಳೆ ಸುರಿದು ತಂತಿಗಳೆಲ್ಲ ಹರಿದುಬಿದ್ದಿದ್ದವು. ಇಂಟರ್ನೆಟ್ ಸತ್ತಿತ್ತು. ಫೋನಿನಲ್ಲೇ ಮುಗಿಸೋಣ ಎಂದರು ಆಸ್ಪತ್ರೆಯವರು. ತರಬೇತಿಯ ಮುಖ್ಯಸ್ಥೆ ಡಾಕ್ಟರ್ ಲೋರ್ನಾ ಹೆಡ್‌ಕ್ವಿಸ್ಟ್, ಮತ್ತೆ ಆ ವರ್ಷದ ರೆಸಿಡೆಂಟ್ ಚೂ ಲೋರ್, ಇಬ್ಬರೇ. ರೆಕಾರ್ಡಿಂಗಿನಲ್ಲಿ ಕಡೇಪಕ್ಷ ತನ್ನ ಮುಖವಾದರೂ ಇತ್ತು, ಇಲ್ಲಿ ಅದೂ ಇಲ್ಲ. ಉತ್ತರ ಹೇಳಿ ನಿಲ್ಲಿಸಿದರೆ ಆ ಕಡೆ ನಿಶ್ಶಬ್ದ. ತಲೆ ಆಡಿಸುತ್ತಿದ್ದಾರೋ, ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದಾರೋ ತಿಳಿಯುವುದು ಹೇಗೆ? ಆ ನಿಶ್ಶಬ್ದಕ್ಕೆ ಹೆದರಿ ಅವಳು ಬೇಡದ್ದನ್ನೆಲ್ಲ ಮಾತಾಡಿದಳು.

"ರೆಕಾರ್ಡಿಂಗಿನಲ್ಲಿ ಒಬ್ಬರ ವಿಷಯ ಹೇಳಿದ್ರಲ್ಲ, ಗವಸಿನ ಮುದುಕರು," ಎಂದರು ಹೆಡ್‌ಕ್ವಿಸ್ಟ್. ನಿಧಾನದ ದನಿ. "ನನಗೆ ಅವರು ತಲೇಲೇ ಉಳಕೊಂಡ್ಬಿಟ್ಟಿದಾರೆ. ಆಮೇಲೇನಾಯ್ತು ಅವರಿಗೆ?"

"ಮನೆಗೆ ಹೋದ್ರು."

"ಈಗ ಚೆನ್ನಾಗಿದಾರಾ?"

ಹೂಂ ಎನ್ನಬೇಕು, ಅಷ್ಟರಲ್ಲಿ ಫೋನಿನೊಳಗೆ ಯಾರೋ ಕೆಮ್ಮಿದರು. ಕಫ ಕಟ್ಟಿದ, ವಯಸ್ಸಾದ ಕೆಮ್ಮು. ಕೆಮ್ಮು ನಿಂತ ಮೇಲೆ ಒಂದು ದೊಡ್ಡ ಉಸಿರು, ಉತ್ತರಕ್ಕೆ ಕಾದವರ ಉಸಿರಿನ ಹಾಗೆ.

"ಕ್ಷಮಿಸಿ, ನಿಮ್ಜೊತೆ ಇನ್ಯಾರಾದ್ರೂ ಇದಾರಾ?"

"ಇಲ್ವಲ್ಲ, ನಾವಿಬ್ರೇ."

ಚೂ ಲೋರ್ ನಕ್ಕ. "ಲೈನು ಸರೋವರದ ಅಡಿಯಿಂದ ಬರ್ತಿರ್ಬೇಕು. ಯಾವ್ದೋ ಮೀನಿಗೆ ನೆಗಡಿ ಆಗಿದೆ."

ಮಾರಿಟ್ ನಗಲಿಲ್ಲ. "ನಂಗೊತ್ತಿಲ್ಲ," ಎಂದಳು. "ಅವರು ಚೆನ್ನಾಗಿದಾರೋ ಇಲ್ವೋ ನಂಗೊತ್ತಿಲ್ಲ."

ಆ ಉತ್ತರ ಅವರಿಗೆ ಹಿಡಿಸಿತು. ಸಂಜೆಯೇ ಆಸ್ಪತ್ರೆಗೆ ಬರಲು ಕರೆ ಬಂತು. ಪ್ರಿಸಿಲ್ಲಾ ಕುಣಿದಾಡಿದಳು. "ಇಲ್ದೇ ಇರೋ ಮುದುಕ ಹೇಗಿದಾನೆ ಅಂದ್ರೆ ಗೊತ್ತಿಲ್ಲ ಅಂದ್ಯಾ? ಅದೊಂದೇ ನೋಡು ನೀನು ಹೇಳಿದ ಸತ್ಯ!"

ಅದಾದ ಮೇಲೆ ಮಾರಿಟ್‌ಗೆ ಅಂಗಡಿಯ ಕಿಟಕಿಯಲ್ಲಿ ನಿಲ್ಲುವುದು ಕಷ್ಟವಾಯಿತು. ಕಿಟಕಿಯ ಗಾಜು ಚಳಿಗಾಲವಿಡೀ ಮಬ್ಬಾಗಿರುತ್ತಿತ್ತು. ಕೆಳಗಿನ ತಗಡಿನ ಡ್ರಾಯರು ತಳ್ಳಿದರೆ ಹೊರಗಿನಿಂದ ಒಂದು ಕೈ ಬಂದು ಔಷಧದ ಪೊಟ್ಟಣ ತೆಗೆದುಕೊಳ್ಳುತ್ತಿತ್ತು. ದಿನವಿಡೀ ಕೈಗಳು. ಯಾರ ಮುಖವೂ ನೆನಪಿರುತ್ತಿರಲಿಲ್ಲ. ‘ದಿನಾ ಬೆಳಿಗ್ಗೆ ಒಂದು’, ‘ಊಟ ಆದ್ಮೇಲೆ’, ‘ಏನಾದ್ರೂ ಕೇಳೋದಿದ್ರೆ ನಾಳೆ ಬೆಳಿಗ್ಗೆನೂ ನಾನಿರ್ತೀನಿ’, ಇವನ್ನು ಅವಳ ಬಾಯಿ ಅವಳನ್ನು ಕೇಳದೆಯೇ ಹೇಳುತ್ತಿತ್ತು. ಈಗ ಪ್ರತಿ ಎಡಗೈಯನ್ನೂ ಬಗ್ಗಿ ನೋಡತೊಡಗಿದಳು. ಕಪ್ಪು ಗವಸು, ಬೂದು ಗವಸು, ಬರಿಗೈ. ಕೆಂಪು ಕಾಣಲಿಲ್ಲ. ಕಾಣದೇ ಇದ್ದದ್ದಕ್ಕೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಮುಖಾಮುಖಿ ಸಂದರ್ಶನದ ದಿನ ಆಸ್ಪತ್ರೆಯಲ್ಲಿ ಬೆಳಗ್ಗಿನಿಂದ ಎಲ್ಲವೂ ಚೆನ್ನಾಗಿಯೇ ನಡೆಯಿತು. ಉಪನ್ಯಾಸ ಕೊಟ್ಟಳು. ಮೇಜಿನ ಆಚೆ ಸಾಲಾಗಿ ಕೂತವರ ಪ್ರಶ್ನೆಗಳಿಗೆ ಉತ್ತರಿಸಿದಳು. ಮುಖ ಕಾಣುವಾಗ ಮಾತಾಡುವುದು ಎಷ್ಟು ಸುಲಭ ಅನ್ನಿಸಿತು. ಮಧ್ಯಾಹ್ನ ರೆಸಿಡೆಂಟುಗಳ ಜೊತೆ ಊಟ. "ಇದು ಸಂದರ್ಶನ ಅಲ್ಲ, ಆರಾಮಾಗಿ ತಿನ್ನಿ," ಎಂದ ಚೂ ಲೋರ್. ಆ ಮಾತು ಹೇಳಿದ ಊಟದಲ್ಲೇ ಎಲ್ಲರನ್ನೂ ಹೆಚ್ಚು ಅಳೆಯುತ್ತಾರೆಂದು ಗೊತ್ತಿಲ್ಲದ ಅಭ್ಯರ್ಥಿ ಇಲ್ಲ. ಗ್ರಾಂಟ್ ಎಂಬ ಇನ್ನೊಬ್ಬ ಅಭ್ಯರ್ಥಿ ಟೈಗೆ ಎಲ್ಲಿ ಹನಿ ಬೀಳುತ್ತದೋ ಎಂದು ಕಾಡಕ್ಕಿಯ ಸೂಪನ್ನು ಮುಟ್ಟದೆ ಬ್ರೆಡ್ಡನ್ನೇ ಅಗಿಯುತ್ತಿದ್ದ.

ಊಟವಾದ ಮೇಲೆ ಹಾಸಿಗೆಯ ಪಕ್ಕದ ಪರೀಕ್ಷೆ. ಇದರಲ್ಲಿ ರೋಗಿಯ ವೇಷದ ನಟರೊಬ್ಬರನ್ನು ಮಾತಾಡಿಸಿ, ಅವರು ತೆಗೆದುಕೊಳ್ಳುವ ಔಷಧಗಳನ್ನೆಲ್ಲ ಕೇಳಿ ತಿಳಿದುಕೊಳ್ಳಬೇಕು. ಚೂ ಲೋರ್ ಅವಳನ್ನು ಮೇಲಿನ ವಾರ್ಡಿಗೆ ಕರೆದುಕೊಂಡು ಹೋದ.

"ಊರಿನ ನಾಟಕದ ತಂಡದವರು ಬರ್ತಾರೆ. ಹೋದ್ಸಲ ಬಂದವರು ಎಷ್ಟು ಜೋರಾಗಿ ನರಳಿದ್ರು ಅಂದ್ರೆ ಪಕ್ಕದ ವಾರ್ಡಿನ ನರ್ಸು ಆಕ್ಸಿಜನ್ ಹಿಡ್ಕೊಂಡು ಓಡ್ಬಂದ್ಬಿಟ್ರು," ಎನ್ನುವಷ್ಟರಲ್ಲಿ ಅವನ ಸೊಂಟದ ಪೇಜರು ಕೂಗಿತು. "ಅಯ್ಯೋ, ಇದೊಂದು. ಆ ತುದೀಲಿದೆ ನೋಡಿ, ಕೊನೇ ಬಾಗ್ಲು. ನೀವು ಶುರುಮಾಡಿ, ಡಾಕ್ಟರ್ ಹೆಡ್‌ಕ್ವಿಸ್ಟ್ ಬರ್ತಾರೆ."

ತುದಿಯಲ್ಲಿ ಎದುರುಬದುರಾಗಿ ಎರಡು ಬಾಗಿಲುಗಳಿದ್ದವು. ಒಂದು ಮುಚ್ಚಿತ್ತು. ಇನ್ನೊಂದು ಓರೆಯಾಗಿ ತೆರೆದಿತ್ತು, ಒಳಗೆ ದೀಪವಿತ್ತು. ಮಾರಿಟ್ ತೆರೆದ ಬಾಗಿಲನ್ನು ತಟ್ಟಿ ಒಳಗೆ ಹೋದಳು.

ಹಾಸಿಗೆಯ ಮೇಲೆ ಒಬ್ಬ ಮುದುಕ ದಿಂಬಿಗೆ ಒರಗಿದ್ದ. ಎಡಗೈ ಹೊದಿಕೆಯ ಮೇಲಿತ್ತು. ಅದರ ಮೇಲೆ ಕೆಂಪು ಉಣ್ಣೆಯ ಗವಸು.

ಮಾರಿಟ್ ಬಾಗಿಲ ಹಿಡಿಯನ್ನು ಬಿಡದೆ ನಿಂತಳು. ಮರುಕ್ಷಣ ಸಿಟ್ಟೂ ನಗುವೂ ಒಟ್ಟಿಗೇ ಬಂದವು. ಓಹೋ, ನನ್ನ ಕಥೆಗೇ ವೇಷ ಕಟ್ಟಿಸಿ ಕೂರಿಸಿದ್ದಾರೆ! ಹೆಡ್‌ಕ್ವಿಸ್ಟ್ ಸಾಮಾನ್ಯದವರಲ್ಲ. ಸುಳ್ಳು ಹಿಡಿಯಲೆಂದೇ ಇರಬಹುದು, ಇಲ್ಲವೇ ಧೈರ್ಯ ನೋಡಲು. ಇರಲಿ, ನೋಡಿಯೇ ಬಿಡೋಣ ಎಂದುಕೊಂಡು ಕುರ್ಚಿ ಎಳೆದು ಕೂತಳು.

"ನಮಸ್ಕಾರ, ನಾನು ಮಾರಿಟ್. ನೀವು ತಗೊಳ್ಳೋ ಮಾತ್ರೆಗಳ ಬಗ್ಗೆ ನಾಲ್ಕು ಮಾತು ಕೇಳ್ಬೇಕಿತ್ತು."

ಮುದುಕ ಕಣ್ಣು ತೆರೆದ. ಅವಳನ್ನು ನೋಡಿ ಅವನ ಮುಖದಲ್ಲಿ ಗುರುತು ಹತ್ತಿದ ಗೆಲುವು ಮೂಡಿತು. "ಬಂದ್ಯಾ ಕ್ಯಾಪ್ಟನ್," ಎಂದ.

ಆ ಮಾತನ್ನು ಅವಳು ರೆಕಾರ್ಡಿಂಗಿನಲ್ಲಿ ಹೇಳಿರಲಿಲ್ಲ. ಪ್ರಿಸಿಲ್ಲಾಗೂ ಹೇಳಿರಲಿಲ್ಲ.

"ನಾಳೆ ಬೆಳಿಗ್ಗೆನೂ ಇರ್ತೀನಿ ಅಂದಿದ್ದೆ ನೀನು," ಎಂದ ಮುದುಕ. ಮಾತು ಬಾಯೊಳಗೇ ಸಿಕ್ಕಿಕೊಳ್ಳುತ್ತಿತ್ತು. "ಎಷ್ಟು ಬೆಳಿಗ್ಗೆ ಆಗ್ಹೋಯ್ತು."

"ಯಾವ... ಯಾವ್ಯಾವ ಮಾತ್ರೆ ತಗೋತೀರಿ?"

"ಬಿಪಿದೊಂದು. ಕೀಲುನೋವಿಗೆ ಒಂದು, ಹಳದೀದು."

"ಹಳದೀದು ಯಾವಾಗ?"

"ದಿನಾ ಬೆಳಿಗ್ಗೆ, ಕಾಫಿ ಜೊತೆ. ನೀನೇ ಹೇಳಿದ್ಯಲ್ಲ ಕಿಟಕೀಲಿ."

ಅವಳು ಮುಂದಕ್ಕೆ ಬಾಗಿ ಅವನ ಬಾಯಿ ನೋಡಿದಳು. ತುಟಿಯ ಒಳಗೆಲ್ಲ ಬಿಳಿ ಹುಣ್ಣು, ವಸಡಿನಲ್ಲಿ ರಕ್ತ. ಬಲತೋಳಿನ ಮೇಲೆ ನೇರಳೆ ಬಣ್ಣದ ಕಲೆಗಳಿದ್ದವು. ಎಷ್ಟು ನಾಜೂಕಾಗಿ ಬಣ್ಣ ಹಚ್ಚಿದ್ದಾರೆ ಎಂದು ಮನಸ್ಸು ಇನ್ನೂ ಆ ಕಡೆಯೇ ಜಗ್ಗುತ್ತಿತ್ತು. ಹೆಬ್ಬೆರಳಿನಿಂದ ಒಂದು ಕಲೆಯನ್ನು ಮೆಲ್ಲಗೆ ಒರೆಸಿದಳು. ಅದು ಹೋಗಲಿಲ್ಲ. ಇನ್ನೊಮ್ಮೆ ಒರೆಸಿದಳು. ಬೆರಳಿಗೆ ಏನೂ ಅಂಟಲಿಲ್ಲ, ಮೈ ಮಾತ್ರ ಕೆಂಡದಂತೆ ಸುಡುತ್ತಿತ್ತು.

ಆಗ ಎದುರಿನ ಬಾಗಿಲು ತೆರೆದುಕೊಂಡಿತು. ಆಸ್ಪತ್ರೆಯ ಗೌನು ತೊಟ್ಟ ಒಬ್ಬ ದಪ್ಪನೆಯ ಹೆಂಗಸು ತಲೆ ಹೊರಗೆ ಹಾಕಿ, ಮಾರಿಟ್‌ನ ಕೊರಳಲ್ಲಿದ್ದ ಅಭ್ಯರ್ಥಿಯ ಬಿಲ್ಲೆ ನೋಡಿ ಗುಟ್ಟಿನ ದನಿಯಲ್ಲಿ ಕೇಳಿದಳು: "ಏನಮ್ಮಾ, ನೀನು ನನ್ನ ಹತ್ರ ಬರ್ಬೇಕಾದವಳಲ್ವಾ? ನಾನು ಆಗ್ಲಿಂದ ಎದೆನೋವು ಇಟ್ಕೊಂಡು ಕಾಯ್ತಿದೀನಿ."

ಮಾರಿಟ್ ಕಾರಿಡಾರಿಗೆ ಬಂದಾಗ ಹೆಡ್‌ಕ್ವಿಸ್ಟ್ ಬರುತ್ತಿದ್ದರು, ಹಿಂದೆ ಚೂ ಲೋರ್. ಅವಳು ಅವರ ದಾರಿಗೆ ಅಡ್ಡವೇ ನಿಂತಳು.

"ಆ ಕೋಣೇಲಿರೋರು ಮೆಥೋಟ್ರೆಕ್ಸೇಟ್ ದಿನಾ ತಗೋತಿದಾರೆ. ಬಾಯಿ ನೋಡಿ, ತೋಳು ನೋಡಿ. ಈಗ್ಲೇ ರಕ್ತ ತೆಗೆಸ್ಬೇಕು."

ಹೆಡ್‌ಕ್ವಿಸ್ಟ್ ಗೋಡೆಯ ಕಂಪ್ಯೂಟರಿನಲ್ಲಿ ನೋಡಿದರು. "ಆರ್ವಿಡ್ ನೈಗಾರ್ಡ್. ನ್ಯುಮೋನಿಯಾ ಅಂತ ಈಗಷ್ಟೇ ಹಳ್ಳಿ ಕ್ಲಿನಿಕ್ಕಿಂದ ಬಂದಿದಾರೆ. ಮಾತ್ರೆ ವಾರಕ್ಕೊಮ್ಮೆ ಅಂತಲೇ ಇದೆ." ಬಾಗಿಲಿನಿಂದ ಒಳಗೆ ಇಣುಕಿದವರು ಅಲ್ಲೇ ನಿಂತುಬಿಟ್ಟರು. ತಿರುಗಿದಾಗ ಅವರ ದನಿ ಬದಲಾಗಿತ್ತು. "ಕೆಂಪು ಗವಸು. ದಾಖಲೆಯಲ್ಲಿ ಕಸುಬು, ಹಡಗಿನಲ್ಲಿ ಅಡುಗೆ. ಮಾರಿಟ್, ಇದು ನೀವು ಹೇಳಿದ ಕಥೆ. ಅಕ್ಷರಕ್ಕಕ್ಷರ ಅದೇ."

"ಹೌದು."

"ಒಂದು ಘಟನೆ ಮನಸ್ಸಿಗೆ ನಾಟಿದ್ರೆ ಆಮೇಲೆ ಎಲ್ಲಾ ಕಡೆ ಅದೇ ಕಾಣ್ಸತ್ತೆ. ನನಗೂ ಆಗಿದೆ. ಬೆಳಿಗ್ಗೆಯಿಂದ ನಿಮಗೆ ಸುಸ್ತಾಗಿದೆ. ಅವರ ವೈದ್ಯರು ಮೂರು ಗಂಟೆಗೆ ಬರ್ತಾರೆ, ಹೇಳೋಣ. ಬನ್ನಿ, ಒಂದು ಲೋಟ ನೀರು ಕುಡೀರಿ."

ದನಿಯಲ್ಲಿ ಕರುಣೆಯಿತ್ತು. ಸುಮ್ಮನೆ ತಲೆಯಾಡಿಸಿದ್ದರೆ ಆಗುತ್ತಿತ್ತು. ಸೂಕ್ಷ್ಮ ಮನಸ್ಸಿನ ಹುಡುಗಿ ಎಂದುಕೊಳ್ಳುತ್ತಿದ್ದರು, ಸೀಟೂ ಸಿಗುತ್ತಿತ್ತು. ಮಾರಿಟ್‌ಗೆ ಅದು ಚೆನ್ನಾಗಿ ಗೊತ್ತಿತ್ತು. ಒಂದು ವರ್ಷ ಕಿಟಕಿಯ ಹಿಂದೆ ನಿಂತು ಬಯಸಿದ್ದು ಇದನ್ನೇ. ಬಿಟ್ಟುಕೊಡಲು ಅವಳಿಗೆ ಎಳ್ಳಷ್ಟೂ ಮನಸ್ಸಿರಲಿಲ್ಲ.

"ಅದು ಮನಸ್ಸಿಗೆ ನಾಟೋದಕ್ಕೆ ನಡೆದಿದ್ರೆ ತಾನೇ?" ಎಂದಳು. "ಅಂಥ ಮುದುಕರು ಯಾರೂ ಇರ್ಲಿಲ್ಲ. ನಾನು ಸುಳ್ಳು ಹೇಳಿದೆ, ಸೀಟಿಗೋಸ್ಕರ ಕಥೆ ಕಟ್ಟಿದೆ. ಅದು ನಿಜವಾಗಿದ್ರೆ ನನಗೆ ಭ್ರಮೆ ಅನ್ಬಹುದಿತ್ತು. ಅದು ಸುಳ್ಳು. ಇವರು ಸುಳ್ಳಲ್ಲ, ನಾನು ಮುಟ್ಟಿ ನೋಡಿದೀನಿ. ಮೂರು ಗಂಟೆವರೆಗೆ ಕಾಯ್ಬೇಡಿ."

ಗೌನಿನ ಹೆಂಗಸು ಸದ್ದಿಲ್ಲದೆ ತನ್ನ ಬಾಗಿಲು ಮುಚ್ಚಿಕೊಂಡಳು.

"ಕಥೆ ಕಟ್ಟಿದ್ರಿ," ಎಂದರು ಹೆಡ್‌ಕ್ವಿಸ್ಟ್. "ಮತ್ತೆ ಗವಸು?"

"ಅದನ್ನೂ ಕಟ್ಟಿದ್ದು." ಮಾರಿಟ್ ಒಳಗೆ ಹಾಸಿಗೆಯ ಕಡೆ ನೋಡಿದಳು. ಮಬ್ಬು ಗಾಜು, ತಗಡಿನ ಡ್ರಾಯರು, ತನ್ನದೇ ದನಿ. ಅಷ್ಟರ ಆಚೆ ನೆನಪನ್ನು ಎಷ್ಟು ತಡಕಿದರೂ ಏನೂ ಸಿಗಲಿಲ್ಲ. "ಕಟ್ಟಿದ್ದು ಅಂದ್ಕೊಂಡಿದ್ದೆ," ಎಂದಳು.

ಹೆಡ್‌ಕ್ವಿಸ್ಟ್ ಒಳಗೆ ಹೋಗಿ ಮುದುಕನ ತುಟಿ ಸರಿಸಿ ನೋಡಿದರು. ಆಮೇಲೆ ನರ್ಸನ್ನು ಕರೆದರು.

ರಕ್ತ ತೆಗೆದರು, ಪರೀಕ್ಷೆಗೆ ಓಡಿಸಿದರು. ಫಲಿತಾಂಶವನ್ನು ಚೂ ಲೋರ್ ಫೋನಿನಲ್ಲಿ ಕೇಳಿಸಿಕೊಂಡ. "ಬಿಳಿ ಕಣ ಇಲ್ವೇ ಇಲ್ಲ ಅನ್ನೋಷ್ಟು ಕಮ್ಮಿ," ಎಂದ, ಈ ಸಲ ಯಾವ ತಮಾಷೆಯೂ ಇಲ್ಲದೆ. ಪ್ರತಿಮದ್ದು ತರಿಸಿದರು. ಅದು ಹನಿಹನಿಯಾಗಿ ಮುದುಕನ ನರಕ್ಕೆ ಇಳಿಯತೊಡಗಿದ ಮೇಲೆ ಹೆಡ್‌ಕ್ವಿಸ್ಟ್ ಮಾರಿಟ್‌ನ ಪಕ್ಕ ಬಂದು ನಿಂತರು.

"ಬದುಕ್ತಾರೋ ಇಲ್ವೋ ಈಗ್ಲೇ ಹೇಳಕ್ಕಾಗಲ್ಲ. ಸಂಜೆವರೆಗೆ ತಡ ಮಾಡಿದ್ದಿದ್ರೆ ಬದುಕಲ್ಲ ಅಂತ್ಲೇ ಹೇಳ್ಬಹುದಿತ್ತು. ನೀವು ಹೇಳಿದ್ದನ್ನ ನಾನು ಸಮಿತಿಗೆ ಹೇಳ್ಲೇಬೇಕಾಗತ್ತೆ."

"ಗೊತ್ತು."

"ಆ ಮಾತ್ರೆ ಎಲ್ಲಿಂದ ತಗೊಂಡ್ರು ಅಂತಾನೂ ವಿಚಾರಿಸ್ತಾರೆ."

"ಅದೂ ಗೊತ್ತು."

ಹೆಡ್‌ಕ್ವಿಸ್ಟ್ ಹೊರಗೆ ಹೋದರು. ಮಾರಿಟ್ ಕುರ್ಚಿಯ ತುದಿಯಲ್ಲಿ ಕೂತಳು. ಸದ್ದಿಗೆ ಮುದುಕ ಅರೆಗಣ್ಣು ತೆರೆದು, ಕತ್ತಲಲ್ಲಿ ಹಡಗಿನ ಅಂಚಿನ ಕಂಬಿ ಹುಡುಕುವವನಂತೆ ಬಲಗೈ ಚಾಚಿ, ಅವಳ ಕೋಟಿನ ತೋಳನ್ನು ಹಿಡಿದುಕೊಂಡ.

"ಬಂದಿದೀನಿ," ಎಂದಳು ಅವಳು, ಅವನು ಏನೂ ಕೇಳದಿದ್ದರೂ.

ಅವನಿಗೆ ನಿದ್ದೆ ಹತ್ತಿತು. ಕಾರಿಡಾರಿನ ಆ ತುದಿಯಲ್ಲಿ ಯಾರೋ ಸಂದರ್ಶನದ ಕೊನೆಯ ಸುತ್ತಿಗೆ ಹೆಸರು ಕರೆಯುತ್ತಿದ್ದರು. ಮೊದಲು ಗ್ರಾಂಟ್‌ನದು, ಆಮೇಲೆ ಅವಳದು. ಇನ್ನೂ ಯಾರೂ ಅವರಿಗೆ ವಿಷಯ ಮುಟ್ಟಿಸಿರಲಿಲ್ಲ. ಅವಳ ಹೆಸರನ್ನು ಇನ್ನೊಮ್ಮೆ ಕರೆದರು. ಮುದುಕನ ಬೆರಳುಗಳು ಬಟ್ಟೆಯ ಮಡಿಕೆಯೊಳಗೆ ಭದ್ರವಾಗಿ ಮುಚ್ಚಿಕೊಂಡಿದ್ದವು, ಮತ್ತು ಮಾರಿಟ್ ಅವನ ನಿದ್ದೆ ಕೆಡದ ಹಾಗೆ ತೋಳನ್ನು ಅಲುಗಿಸದೆ, ಉತ್ತರ ಕೊಡದೆ ಕೂತಿದ್ದಳು.